ಯೋಚಿಸದೆ ನಡೆಸಿದ ಆನೆ

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಹಾಕಿಕೊಂಡದ್ದನ್ನು ಮತ್ತೆ ತೆಗೆದರು.

ನೋಡುವವರಿಗೆಂದು ಕಟ್ಟಿದ ಹಗ್ಗದ ಈಚೆ ನಿಂತಿದ್ದ ದೊಡ್ಡಮ್ಮನಿಗೆ ಆ ಕನ್ನಡಕವನ್ನು ಕಿತ್ತು ಕಿಟಕಿಯಾಚೆ ಎಸೆಯಬೇಕೆನ್ನಿಸಿತು. ಒಂದು ಕಾಲಾಳನ್ನು ಮುಂದೆ ತಳ್ಳಲು ಇಷ್ಟು ಹೊತ್ತು ತೆಗೆದುಕೊಳ್ಳುವ ಮನುಷ್ಯ ತಮ್ಮ ದವಾಖಾನೆಯಲ್ಲಿ ಹಲ್ಲು ಹೇಗೆ ಕೀಳುತ್ತಾರೋ. ಬಾಯಿ ತೆರೆದು ಕೂತ ರೋಗಿಯ ಹಲ್ಲು ಅಷ್ಟರಲ್ಲಿ ತಾನಾಗಿಯೇ ಉದುರಿ ಬೀಳಬೇಕು.

ಆದರೆ ಅವಳಿಗೆ ಈವತ್ತು ಬೇಕಾಗಿದ್ದದ್ದೂ ಆ ನಿಧಾನವೇ. ಮಾಮೂಲಿ ನಡೆಗೂ ತಲೆ ಕೆರೆದುಕೊಳ್ಳುವ ಈ ಹಲ್ಲಿನ ಡಾಕ್ಟರು, ಯಾರೂ ಎಂದೂ ಆಡದ ಒಂದು ನಡೆಗೆ ಥಟ್ಟನೆ ಉತ್ತರ ಕೊಟ್ಟುಬಿಟ್ಟರೆ ಸಾಕು, ಸಿಕ್ಕಿಬಿದ್ದಂತೆ. ಮೊನ್ನೆ ಸಂಜೆ ಹೋಟೆಲಿನ ಕೋಣೆಯಲ್ಲಿ ಚೆಸ್ ಮಣೆಯ ಮುಂದೆ ಕೂತಿದ್ದ ಮೇಷ್ಟ್ರ ತಲೆಗೆ ಆಟದ ಸಮಯ ಅಳೆಯುವ ಮರದ ಗಡಿಯಾರದಿಂದ ಹೊಡೆದವರು ಯಾರೆಂದು ಗೊತ್ತಾದಂತೆ.

ಮೇಷ್ಟ್ರು ಇನ್ನೂ ಕಣ್ಣು ಬಿಟ್ಟಿಲ್ಲ. ಆಸ್ಪತ್ರೆಯವರು ಏನನ್ನೂ ಖಚಿತವಾಗಿ ಹೇಳುತ್ತಿಲ್ಲ.

ಆ ಸಂಜೆ ಉಳಿದ ಆಟಗಾರರೆಲ್ಲ ಕೆಳಗಿನ ಹಾಲಿನಲ್ಲಿ ಊಟಕ್ಕೆ ಕೂತಿದ್ದರು. ಇಬ್ಬರು ಮಾತ್ರ ಇರಲಿಲ್ಲ. ಒಬ್ಬರು ಈ ಡಾಕ್ಟರು. ಬೀದಿ ಸುತ್ತಲು ಹೋಗಿದ್ದೆ ಎಂದರು. ಇನ್ನೊಬ್ಬಳು ಅವರ ಎದುರಿಗೆ ಈಗ ಪಟ್ಟದ ಕೊನೆಯ ಆಟಕ್ಕೆ ಬಿಳಿ ಕಾಯಿಗಳನ್ನು ಹಿಡಿದು ಕೂತಿರುವ ಹುಡುಗಿ. ತಲೆನೋವು, ಮಲಗಿದ್ದೆ ಎಂದಳು. ಕಸ ಗುಡಿಸುವಾಕೆ ಕಂಡದ್ದು ಹಿಂದಿನ ಮೆಟ್ಟಿಲಿಳಿದು ಓಡಿದ ಒಂದು ಹಸಿರು ಸ್ವೆಟರಿನ ಬೆನ್ನನ್ನು. ಸಣ್ಣ ಆಳು ಎಂದಳಂತೆ. ಪಂದ್ಯ ನಡೆಸುವವರು ಹಸಿರು ಸ್ವೆಟರನ್ನು ಎಲ್ಲ ಆಟಗಾರರಿಗೂ ಹಂಚಿದ್ದಾರೆ. ಇನ್ನು ಸಣ್ಣ ಆಳು ಎಂದರೆ, ಡಾಕ್ಟರೂ ಬೆಂಕಿಕಡ್ಡಿಯೇ.

ಆ ಹುಡುಗಿ ದೊಡ್ಡಮ್ಮನ ತಂಗಿಯ ಮಗಳು. ತಂಗಿ ಹೋದ ಮೇಲೆ ದೊಡ್ಡಮ್ಮನೇ ಎತ್ತಿ ಆಡಿಸಿ, ಬೈದು ಊಟ ಮಾಡಿಸಿ ಬೆಳೆಸಿದವಳು. ಚೆಸ್ ಕಲಿಸಿದವರು ಮೇಷ್ಟ್ರು. ಮನೆಯಲ್ಲಿ ಇಟ್ಟ ಹೆಸರು ಚೂಟಿ. ಊರೂರಿನ ಪಂದ್ಯಗಳಲ್ಲೂ ಆ ಹೆಸರೇ ಅಂಟಿಕೊಂಡಿತು. ದೊಡ್ಡಮ್ಮ ಪೊಲೀಸ್ ಇಲಾಖೆಯಲ್ಲಿದ್ದಾಗ ಕಳ್ಳರೂ ಪೇದೆಗಳೂ ಅವಳ ಬೆನ್ನ ಹಿಂದೆ ದೊಡ್ಡಮ್ಮ ಎಂದೇ ಕರೆಯುತ್ತಿದ್ದದ್ದು ಈ ಚೂಟಿ ಠಾಣೆಯ ಬಾಗಿಲಲ್ಲಿ ನಿಂತು ಹಾಗೆ ಕೂಗುತ್ತಿದ್ದುದರಿಂದ.

"ಮೇಡಂ, ನಿಮ್ಮ ಮುಖ ನೋಡಿ ಆಟ ಮುಗಿಯೋವರೆಗೂ ಸುಮ್ಮನಿರ್ತೀನಿ," ಎಂದಿದ್ದ ಇನ್ಸ್‌ಪೆಕ್ಟರ್, ಬೆಳಗ್ಗೆ. ಅವಳ ಕೈಕೆಳಗೆ ಪಳಗಿದವನು. "ಆದ್ರೆ ಆವತ್ತು ಮಧ್ಯಾಹ್ನ ಊಟದ ಹಾಲಲ್ಲಿ ಮೇಷ್ಟ್ರು ಆ ಹುಡುಗೀನ ಎಲ್ಲರೆದುರು ಬೈದಿದ್ರು. ಅವಳು ತಟ್ಟೆ ಬಿಟ್ಟು ಎದ್ದು ಹೋದ್ಲು. ಮೇಲಿನವರು ಅವಳನ್ನೇ ಎತ್ತಾಕ್ಕೊಂಡು ಬಾ ಅಂತಿದಾರೆ."

"ಎತ್ತಾಕ್ಕೊಂಡು ಬರೋಕೆ ಅದೇನು ಅಕ್ಕಿ ಮೂಟೆನಾ?"

"ನನಗೆ ಬೇರೆ ಏನಾದ್ರೂ ಕೊಡಿ ಮೇಡಂ. ಒಂದು ಎಳೆ ಕೊಟ್ರೂ ಸಾಕು."

ಅವಳ ಹತ್ತಿರ ಒಂದು ಎಳೆ ಇತ್ತು. ಮೇಷ್ಟ್ರ ಮಣೆಯನ್ನು ನೋಡಿದವರು ಯಾರೆಂದು ಆಟದಲ್ಲೇ ಕಂಡುಹಿಡಿಯುತ್ತೇನೆ ಎಂದಷ್ಟೇ ಅವನಿಗೆ ಹೇಳಿದಳು.

ಹೋಟೆಲಿನವರ ಕೂಗು ಕೇಳಿ ಮೊನ್ನೆ ಮೊದಲು ಆ ಕೋಣೆಗೆ ಓಡಿದವಳು ಅವಳೇ. ಮೇಷ್ಟ್ರ ಉಸಿರು ನೋಡಿ, ಆಂಬುಲೆನ್ಸಿಗೆ ಹೇಳಿ, ಹಳೆಯ ಅಭ್ಯಾಸದಂತೆ ಮೊಬೈಲಿನಲ್ಲಿ ಕೋಣೆಯ ಮೂಲೆ ಮೂಲೆಯ ಫೋಟೊ ತೆಗೆದಳು. ಮಣೆಯ ಮೇಲಿನ ಕಾಯಿಗಳದ್ದೂ ತೆಗೆದಳು. ಆಮೇಲೆ ಬಂದ ಪೊಲೀಸರು ಬೆರಳಗುರುತಿಗೆಂದು ಕಾಯಿಗಳನ್ನೆಲ್ಲ ಬಾಚಿ ಚೀಲಕ್ಕೆ ಸುರಿದರು. ಮೇಷ್ಟ್ರು ಆ ಸಂಜೆ ಏನು ಜೋಡಿಸಿಕೊಂಡು ಕೂತಿದ್ದರೆಂಬುದು ಉಳಿದದ್ದು ಆ ಒಂದು ಫೋಟೊದಲ್ಲಿ.

ಫೋಟೊದಲ್ಲಿದ್ದದ್ದು ಡಾಕ್ಟರ ಆಟ. ಕಪ್ಪು ಕಾಯಿ ಬಂದರೆ ಡಾಕ್ಟರು ತಲೆಗೂದಲು ಕಪ್ಪಗಿದ್ದ ಕಾಲದಿಂದಲೂ ಅದೊಂದೇ ಆಟವನ್ನು ಆಡುವವರು. ಅದರಲ್ಲಿ ಬಿಳಿಯ ಒಂದು ಕಾಲಾಳು ಮಾತ್ರ ವಿಚಿತ್ರ ಜಾಗದಲ್ಲಿತ್ತು. ತನ್ನ ರಾಜನ ಮುಂದೆ ಕಾವಲು ನಿಲ್ಲಬೇಕಾದದ್ದು ಎರಡು ಮನೆ ಮುಂದಕ್ಕೆ ಹಾರಿ, ಬಾಗಿಲು ತೆರೆದಿಟ್ಟು ಹೋಗಿತ್ತು. ಚೆಸ್ ಕಲಿಯುವ ಮಕ್ಕಳು ಹಾಗೆ ಆಡಿದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು.

ಈವತ್ತು ಪಂದ್ಯದ ಹಾಲಿನ ಬಾಗಿಲಲ್ಲಿ, ಮೊಬೈಲುಗಳನ್ನು ಒಪ್ಪಿಸುವ ಮುಂಚೆ, ದೊಡ್ಡಮ್ಮ ಅದನ್ನು ಚೂಟಿಗೆ ತೋರಿಸಿದಳು. ಅಲ್ಲಿಯವರೆಗೆ ಯಾರಿಗೂ ತೋರಿಸಿರಲಿಲ್ಲ.

"ಇದನ್ನ ಡಾಕ್ಟ್ರ ಮೇಲೆ ಆಡ್ತೀಯಾ? ಅವರು ಆ ಕೋಣೇಲಿ ಈ ಮಣೆ ನೋಡಿದ್ರೆ ಈ ನಡೆ ಅವರಿಗೆ ಹೊಸದಲ್ಲ. ಮುಖ ನೋಡಿದ್ರೆ ಗೊತ್ತಾಗತ್ತೆ. ಉತ್ತರ ಬೇಗ ಬಂದ್ರಂತೂ ಹೇಳೋದೇ ಬೇಡ."

ಚೂಟಿ ಫೋಟೊವನ್ನೇ ನೋಡುತ್ತ ನಿಂತಳು. "ಇದೇನು ದೊಡ್ಡಮ್ಮ, ಹುಚ್ಚರ ಆಟ. ಆದ್ಮೇಲೆ ಏನು ಆಡ್ಬೇಕು ಅಂತ ನಂಗೂ ಗೊತ್ತಿಲ್ಲ. ಅಲ್ಲೇ ಕೂತು ತಲೆ ಓಡಿಸ್ಬೇಕು."

"ಪಟ್ಟ ಹೋಗಬಹುದು."

"ಹೋಗ್ಲಿ ಬಿಡು," ಎಂದಳು ಚೂಟಿ. "ಮೇಷ್ಟ್ರಿಗೆ ಹೊಡೆದವರು ಸಿಗ್ಲಿ."

ಎಂಥ ಮಗು ಎಂದುಕೊಳ್ಳುತ್ತ ದೊಡ್ಡಮ್ಮ ಮೊಬೈಲನ್ನು ಬಾಗಿಲಲ್ಲಿ ಒಪ್ಪಿಸಿದಳು.

ಈಗ ಹಾಲಿನಲ್ಲಿ ಡಾಕ್ಟರು ಕೊನೆಗೂ ಒಂಟೆಯನ್ನು ಒಂದು ಮನೆ ಸರಿಸಿ ಗಡಿಯಾರ ಒತ್ತಿದರು. ಫೋಟೊದಲ್ಲಿದ್ದ ಮಣೆಯೇ ಎದುರಿಗೆ ಬಂದು ಕೂತಿತು, ಆ ಕಾಲಾಳೊಂದು ಬಿಟ್ಟು. ದೊಡ್ಡಮ್ಮ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಚೂಟಿ ಕಾಲಾಳನ್ನು ಎತ್ತಿ ಎರಡು ಮನೆ ಮುಂದಿಟ್ಟಳು.

"ಅಯ್ಯಯ್ಯೋ," ಎಂದಿತು ದೊಡ್ಡಮ್ಮನ ಪಕ್ಕದ ಮಫ್ಲರು. ಎರಡನೇ ಸುತ್ತಿನಲ್ಲೇ ಸೋತು, ಮನೆಗೆ ಹೋಗಲು ಮನಸ್ಸಿಲ್ಲದೆ ದಿನವೂ ಬಂದು ನಿಲ್ಲುವ ಮನುಷ್ಯ. ಕುತ್ತಿಗೆಗೆ ಯಾವಾಗಲೂ ಮಫ್ಲರು, ಬಾಯಿಗೆ ಯಾವಾಗಲೂ ಮಾತು. "ಏನಾಯ್ತು ಈ ಹುಡುಗಿಗೆ? ತನ್ನ ರಾಜನ್ನ ಬೀದಿಗೆ ತಂದು ನಿಲ್ಲಿಸಿದ್ಲಲ್ಲ."

ದೊಡ್ಡಮ್ಮ ಮಣೆಯನ್ನು ನೋಡಲಿಲ್ಲ. ಡಾಕ್ಟರ ಮುಖದಲ್ಲೇ ಕಣ್ಣು ನೆಟ್ಟಳು.

ಡಾಕ್ಟರ ಹುಬ್ಬು ಮೇಲೇರಿತು. ಅವರು ಚೂಟಿಯನ್ನು ನೋಡಿದರು, ಕಾಲಾಳನ್ನು ನೋಡಿದರು, ತಪ್ಪಿ ಆಡಿದಳೋ ಎಂಬಂತೆ ಮತ್ತೆ ಚೂಟಿಯನ್ನು ನೋಡಿದರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಮಣೆಯ ಮೇಲೆ ಬಗ್ಗಿದರು. ಗಡಿಯಾರ ಓಡುತ್ತಿತ್ತು. ಒಮ್ಮೆ ಕೈ ಮುಂದೆ ಬಂತು, ಕಾಯಿ ಮುಟ್ಟುವ ಮುಂಚೆ ಬೆಂಕಿ ಸೋಕಿದಂತೆ ಹಿಂದೆ ಹೋಯಿತು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬ ನಿಯಮ ಅವರ ಬೆರಳುಗಳಿಗೇ ಗೊತ್ತಿತ್ತು.

ಇದು ನಟನೆಯೇ? ದೊಡ್ಡಮ್ಮ ಸುಳ್ಳುಗಾರರನ್ನು ಕಂಡವಳು. ಠಾಣೆಯಲ್ಲಿ ಗೋಳೋ ಎಂದು ಅತ್ತು ಹೊರಗೆ ಹೋಗಿ ನಕ್ಕವರನ್ನು ಕಂಡವಳು. ಆದರೆ ಹಣೆಯ ಬೆವರನ್ನು ಬೇಕೆಂದಾಗ ತರಿಸುವ ನಟನನ್ನು ಅವಳು ಇನ್ನೂ ಕಂಡಿರಲಿಲ್ಲ. ಡಾಕ್ಟರ ಹಣೆಯಿಂದ ಒಂದು ಹನಿ ಜಾರಿ ಮೂಗಿನ ತುದಿಗೆ ಬಂದು ನಿಂತಿತು. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಈ ಮನುಷ್ಯ ಆ ಮಣೆಯನ್ನು ನೋಡಿಲ್ಲ.

ಇದ್ದ ಒಂದೇ ಎಳೆ ಹರಿದುಹೋಯಿತು. ಆಟ ಮುಗಿದ ಕೂಡಲೇ ಇನ್ಸ್‌ಪೆಕ್ಟರ್ ಒಳಗೆ ಬರುತ್ತಾನೆ, ಅವಳು ಬೆಳೆಸಿದ ಕೂಸನ್ನು ತೋಳು ಹಿಡಿದು ಕರೆದೊಯ್ಯುತ್ತಾನೆ. ಅವನಿಗೆ ಹೇಳಲು ಅವಳ ಬಳಿ ಒಂದು ಮಾತೂ ಉಳಿದಿಲ್ಲ.

ಡಾಕ್ಟರು ಕೊನೆಗೆ ಕುದುರೆಯಿಂದ ಆ ಕಾಲಾಳನ್ನು ಹೊಡೆದರು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವುದೇಕೆ ಎಂದು ತೀರ್ಮಾನಿಸಿದಂತಿತ್ತು. ಗಡಿಯಾರ ಒತ್ತಿದರು.

ಅವರ ಕೈ ಗಡಿಯಾರದಿಂದ ಈಚೆ ಬರುವುದರೊಳಗೆ ಚೂಟಿಯ ಆನೆ ಮಣೆಯ ಉದ್ದಕ್ಕೂ ಓಡಿ, ಕಪ್ಪು ರಾಜನ ಮಗ್ಗುಲಿನ ಕಾಲಾಳನ್ನು ಹೊಡೆದು ಅಲ್ಲೇ ಕೂತಿತ್ತು. ಅದನ್ನು ರಾಜ ಹಾಗೇ ತಿಂದುಹಾಕಬಹುದು.

"ಆನೆ ಬಿಟ್ಲು," ಎಂದಿತು ಮಫ್ಲರು, ಉಸಿರೇ ಇಲ್ಲದೆ. "ಇಡೀ ಆನೆ."

ಡಾಕ್ಟರು ಬಹಳ ಹೊತ್ತು ನೋಡಿ ರಾಜನಿಂದ ಆನೆಯನ್ನು ತೆಗೆದರು. ಬೇರೆ ದಾರಿಯಿರಲಿಲ್ಲ. ಚೂಟಿ ಕುದುರೆಯನ್ನು ಹಾರಿಸಿದಳು, ಅದೇ ವೇಗದಲ್ಲಿ. ಡಾಕ್ಟರು ಮತ್ತೆ ಬೆವರಿ, ಮತ್ತೆ ಒದ್ದಾಡಿ, ರಾಜನನ್ನು ಒಂದು ಮನೆ ಸರಿಸಿದರು. ಚೂಟಿಯ ರಾಣಿ ತಯಾರಾಗಿಯೇ ಇತ್ತು. ಇಷ್ಟರಲ್ಲಿ ಅವಳು ಒಮ್ಮೆ ಕಿಟಕಿಯಾಚೆ ನೋಡಿದಳು, ಒಮ್ಮೆ ತನ್ನ ಉಗುರು ನೋಡಿಕೊಂಡಳು.

ಮಫ್ಲರು ಮೊದಲು ಬಾಯಿ ಬಿಟ್ಟುಕೊಂಡು ನೋಡಿತು. ಆಮೇಲೆ ಮೆಲ್ಲಗೆ ನಕ್ಕಿತು.

"ಇದು ಇಲ್ಲಿ ಕೂತು ಬೇಯಿಸಿದ್ದಲ್ಲಮ್ಮ. ಮನೇಲಿ ಬೇಯಿಸಿ ಡಬ್ಬಿ ಕಟ್ಕೊಂಡು ಬಂದಿದಾಳೆ. ಇಂಥದ್ದು ಆಡ್ತಾ ಆಡ್ತಾ ಹೊಳೆಯಲ್ಲ. ಹೊಳೆದ್ರೂ, ಆನೆ ಕೊಡೋಕೆ ಮುಂಚೆ ದೇವರಾದ್ರೂ ಹತ್ತು ಸಲ ಯೋಚಿಸ್ತಾನೆ."

"ಬೆಳಗ್ಗೆ ನೋಡಿ ಕಲ್ತಿರಬಹುದಲ್ಲ?" ದೊಡ್ಡಮ್ಮನ ದನಿ ಅವಳಿಗೇ ಬೇರೆಯವರದ್ದೆನಿಸಿತು. "ಇಲ್ಲಿ ಬಾಗಿಲ ಹತ್ರ ನಿಂತು?"

"ಬಾಗಿಲ ಹತ್ರ?" ಮಫ್ಲರು ಅವಳನ್ನು ಕರುಣೆಯಿಂದ ನೋಡಿತು. "ನಿಮಗೆ ಚೆಸ್ ಅಷ್ಟಾಗಿ ಗೊತ್ತಿಲ್ಲ ಅನ್ಸತ್ತೆ."

ದೊಡ್ಡಮ್ಮನಿಗೆ ಬೆಳಗ್ಗೆ ಚೂಟಿ ಹೇಳಿದ ಮಾತುಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಡಾಕ್ಟರಿಗೆಂದು ಒಡ್ಡಿದ ಬಲೆಯ ಮುಂದೆ ಅವಳು ಕಾಯುತ್ತಿದ್ದದ್ದು ಒಂದು ಕೈಗೆ. ಬಂದು ಬಿದ್ದದ್ದು ಅವಳೇ ಅನ್ನ ಕಲಸಿ ತುತ್ತಿಟ್ಟ ಮಗುವಿನ ಕೈ.

ಚೂಟಿ ಎದ್ದಳು. ಡಾಕ್ಟರು ಯೋಚಿಸುತ್ತ ಕೂತಾಗ ಎದುರಾಳಿ ಅಡ್ಡಾಡಿ ಬರುವುದು ವಾಡಿಕೆ. ಅವಳು ಹೆಂಗಸರ ಬಚ್ಚಲು ಮನೆಯ ಕಡೆ ನಡೆದಳು. ದೊಡ್ಡಮ್ಮ ಹಿಂದೆಯೇ ಹೊರಟಾಗ ತೀರ್ಪುಗಾರರು ಬೆಕ್ಕಿನ ಹೆಜ್ಜೆಯಲ್ಲಿ ಅಡ್ಡ ಬಂದರು.

"ಆಟಗಾರರ ಹತ್ರ ಮಾತಾಡೋ ಹಾಗಿಲ್ಲಮ್ಮ."

"ಬಚ್ಚಲಿಗೆ ಹೋಗೋಕೂ ನಿಮ್ಮ ತೀರ್ಪು ಬೇಕಾ?"

ಮುದುಕರು ಕೆಂಪಾಗಿ ಪಕ್ಕಕ್ಕೆ ಸರಿದರು.

ಒಳಗೆ ಚೂಟಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ದೊಡ್ಡಮ್ಮನನ್ನು ಕಂಡು ನಕ್ಕಳು. ಗೆಲುವಿನ ನಗು. ಶಾಲೆಯಿಂದ ಬಹುಮಾನ ತಂದಾಗಲೂ ಹೀಗೇ ನಗುತ್ತಿದ್ದಳು.

"ನೋಡಿದ್ಯಾ? ಡಾಕ್ಟ್ರ ಕಥೆ ಮುಗೀತು."

"ಡಾಕ್ಟ್ರು ಆ ಮಣೆ ನೋಡಿಲ್ಲ," ಎಂದಳು ದೊಡ್ಡಮ್ಮ. "ನೀನು ನೋಡಿದೀಯ."

ಚೂಟಿಯ ಕೈ ನಲ್ಲಿಯ ಮೇಲೇ ನಿಂತಿತು.

"ಫೋಟೊದಲ್ಲಿ ಕಾಲಾಳಿತ್ತು. ಆನೆ ಕೊಡೋದು ಇರ್ಲಿಲ್ಲ. ಅದನ್ನ ಯಾರು ಹೇಳ್ಕೊಟ್ರು?"

"ಅಲ್ಲೇ ಹೊಳೀತು."

"ಕಾಯಿ ಇಡೋಕೂ ಮುಂಚೆ ಹೊಳೀತಾ? ಚೂಟಿ, ನನ್ನ ಕಣ್ಣು ನೋಡಿ ಮಾತಾಡು. ಮೊನ್ನೆ ನಾನು ಕೇಳಿದಾಗ ನನ್ನ ತಲೆ ಮೇಲೆ ಕೈಯಿಟ್ಟು, ನಿನ್ನಾಣೆ ದೊಡ್ಡಮ್ಮ, ಆ ರೂಮಿಗೆ ಕಾಲಿಟ್ಟಿಲ್ಲ ಅಂದೆ."

ಹುಡುಗಿ ನಲ್ಲಿ ನಿಲ್ಲಿಸಿ ಗೋಡೆಗೊರಗಿದಳು. ಹಸಿರು ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡಳು.

"ಹೋಗಿದ್ದೆ," ಎಂದಳು. "ಬೈದಿದ್ದಕ್ಕೆ ಅವರಿಗೇ ಬೇಜಾರಾಗಿ ಕರೆದ್ರು. ಈ ನಡೆ ತೋರ್ಸಿದ್ರು. ಆನೆ ಕೊಟ್ಟು ಆಮೇಲೆ ಒಂದೊಂದೇ ಕಾಯಿ ಇಟ್ಟು ತೋರ್ಸಿದ್ರು. ದೊಡ್ಡಮ್ಮ, ಮೈ ಜುಂ ಅಂತು ನಂಗೆ. ಆಮೇಲೆ ಕಾಯೆಲ್ಲ ಹಿಂದಕ್ಕೆ ಜೋಡಿಸಿ, ಇದನ್ನ ನೀನು ಆಡ್ಬೇಡ ಅಂದ್ರು."

"ಯಾಕೆ?"

"ಡಾಕ್ಟ್ರು ಅವರ ಹಳೇ ಸ್ನೇಹಿತ. ಡಾಕ್ಟ್ರಿಗೆ ಇದೇ ಕೊನೇ ಪಂದ್ಯವಂತೆ, ಇನ್ನು ಆಡಲ್ವಂತೆ. ಅವನು ಜೀವಮಾನ ಆಡಿದ ಆಟ ಕಣೇ, ಅವನೆದುರೇ ಅದನ್ನ ಒಡೀಬೇಡ ಅಂದ್ರು. ಹಾಗಿದ್ರೆ ನಂಗ್ಯಾಕೆ ತೋರ್ಸಿದ್ರು? ಹಸಿದವರ ಮುಂದೆ ತಟ್ಟೆ ಇಟ್ಟು ಎಳ್ಕೊಂಡ ಹಾಗೆ."

"ಆಮೇಲೆ?"

"ಜಗಳ ಆಡ್ದೆ. ಬಾಯಿಗೆ ಬಂದಿದ್ದು ಅಂದೆ. ಎದ್ದು ಬಂದ್ಬಿಟ್ಟೆ. ಅವರು ಕೂತೇ ಇದ್ರು, ಚೆನ್ನಾಗೇ ಇದ್ರು."

"ಓಡಿದ್ದು ಯಾಕೆ?"

"ಅಳು ಬರ್ತಿತ್ತು."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನನ್ನೇ ಹಿಡೀತಿದ್ರು. ಈ ಆಟ ತಪ್ಪಿಹೋಗ್ತಿತ್ತು."

ದೊಡ್ಡಮ್ಮ ಆ ಮುಖವನ್ನೇ ನೋಡಿದಳು. ಆಟ ತಪ್ಪಿಹೋಗುತ್ತಿತ್ತಂತೆ. ಮೇಷ್ಟ್ರು ಅಲ್ಲಿ ಕೊಳವೆ ಹಾಕಿಸಿಕೊಂಡು ಮಲಗಿದ್ದಾರೆ, ಇವಳಿಗೆ ಆಟದ ಚಿಂತೆ. ಹಾಗಾದರೆ ಆಟಕ್ಕಾಗಿ ಇವಳು ಇನ್ನೇನು ಮಾಡಿಯಾಳು? ನಿಜ ಹೇಳುತ್ತಿದ್ದಾಳೋ, ಅರ್ಧ ನಿಜವೋ? ಊರಿನ ಸುಳ್ಳನ್ನೆಲ್ಲ ವಾಸನೆಯಲ್ಲೇ ಹಿಡಿಯುವ ದೊಡ್ಡಮ್ಮನಿಗೆ ಈ ಒಂದು ಮುಖವನ್ನು ಓದಲು ಬರಲಿಲ್ಲ. ಬರದಿರುವುದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ನಾನು ಡಾಕ್ಟ್ರ ವೇಗ ನೋಡ್ತೀನಿ ಅಂತ ನಿಂಗೆ ಗೊತ್ತಿತ್ತು. ನೀನಾದ್ರೂ ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಕೂರಬಾರದಿತ್ತಾ?"

"ಆಗ್ಲಿಲ್ಲ," ಎಂದಳು ಚೂಟಿ, ಚಿಕ್ಕ ಮಗುವಿನಂತೆ. "ಅಂಥ ನಡೆ ಕೈಗೆ ಬಂದಾಗ ನಟನೆ ಮಾಡ್ಕೊಂಡು ಕೂರೋಕೆ ನನ್ನ ಕೈಲಿ ಆಗ್ಲಿಲ್ಲ ದೊಡ್ಡಮ್ಮ. ನಿಂಗೆ ಅರ್ಥ ಆಗಲ್ಲ. ನೀನು ಪೊಲೀಸ್ರಿಗೆ ಹೇಳ್ತೀಯಾ?"

ಹೊರಗಿನಿಂದ ತೀರ್ಪುಗಾರರು ಬಾಗಿಲು ತಟ್ಟಿದರು. ಡಾಕ್ಟರ ನಡೆ ಆಗಿದೆಯಂತೆ, ಚೂಟಿಯ ಗಡಿಯಾರ ಓಡುತ್ತಿದೆಯಂತೆ.

ಚೂಟಿ ಹೋದಳು. ದೊಡ್ಡಮ್ಮ ಅಲ್ಲೇ ನಿಂತು ಒಮ್ಮೆ ಮುಖ ತೊಳೆದುಕೊಂಡಳು. ಕಣ್ಣೀರಿಗೂ ನೀರಿಗೂ ವ್ಯತ್ಯಾಸ ಕಾಣದಿರಲೆಂದು ಇನ್ನೊಮ್ಮೆ ತೊಳೆದುಕೊಂಡಳು.

ಪಡಸಾಲೆಯಲ್ಲಿ ಇನ್ಸ್‌ಪೆಕ್ಟರ್ ಕಾಯುತ್ತಿದ್ದ. ಅವನ ಹಿಂದೆ ಇಬ್ಬರು ಪೇದೆಗಳು, ಕ್ಯಾಂಟೀನಿನ ಬಿಸ್ಕತ್ತಿನ ಪುಡಿಯನ್ನು ಮೀಸೆಯಿಂದ ಒರೆಸಿಕೊಳ್ಳುತ್ತಿದ್ದರು.

"ಮುಗೀತಾ ಬಂತಂತೆ ಮೇಡಂ. ನನಗೆ ಈ ಆಟದಲ್ಲಿ ಕುದುರೆ ಯಾವುದು ಕತ್ತೆ ಯಾವುದು ಗೊತ್ತಾಗಲ್ಲ. ನೀವೇ ಹೇಳಿ. ಆ ಮಣೆ ನೋಡಿದ್ದು ಯಾರು?"

ಅವಳು ಒದ್ದೆ ಮುಖವನ್ನು ಒರೆಸಿಕೊಂಡಳು.

"ಕೋರ್ಟಿಗೆ ಇದು ಸಾಲಲ್ಲ ಅಂತ ನಂಗೊತ್ತು," ಅವನು ಸಮಾಧಾನ ಹೇಳಿದ. "ಯಾರನ್ನ ಕೂರಿಸಿ ಕೇಳ್ಬೇಕು ಅಂತ ತಿಳಿದ್ರೆ ಸಾಕು, ಮಿಕ್ಕಿದ್ದು ನನಗೆ ಬಿಡಿ. ನೀವು ಇಲಾಖೇಲಿ ಇದ್ದಷ್ಟು ದಿನ ನಿಮ್ಮ ಬಾಯಿಂದ ಒಂದು ಸುಳ್ಳು ಬಂದಿದ್ದು ನಾನು ಕಂಡಿಲ್ಲ. ಮೇಲಿನವರಿಗೂ ಅದನ್ನೇ ಹೇಳಿದೀನಿ. ಮೇಡಂ ಹೇಳಿದ್ರೆ ಮುಗೀತು ಅಂತ."

ಆ ಮಾತು ಅವಳನ್ನು ಬಯ್ಗುಳಕ್ಕಿಂತ ಜೋರಾಗಿ ತಾಕಿತು. ಚೂಟಿಯ ಹೆಸರು ಹೇಳಿದರೆ ನಿಜ ಹೇಳಿದಂತಾಗುತ್ತದೆ. ಆದರೆ ಹುಡುಗಿ ಎದ್ದು ಬಂದಾಗ ಮೇಷ್ಟ್ರು ಚೆನ್ನಾಗಿಯೇ ಇದ್ದಿದ್ದರೆ? ಒಮ್ಮೆ ಠಾಣೆಯ ಬಾಗಿಲು ದಾಟಿದ ಮೇಲೆ ಅದನ್ನು ಯಾರು ನಂಬುತ್ತಾರೆ? ಯಾರೂ ನಂಬುವುದಿಲ್ಲ. ಅಂಥವರನ್ನು ಅವಳೇ ಎಷ್ಟೋ ಸಲ ನಂಬಿರಲಿಲ್ಲ.

"ಡಾಕ್ಟ್ರು," ಎಂದಳು ದೊಡ್ಡಮ್ಮ.

"ಖಂಡಿತನಾ?"

"ಕಾಲಾಳು ಇಟ್ಟ ಕೂಡ್ಲೇ ಉತ್ತರ ಕೊಟ್ರು. ತಲೆ ಕೂಡ ಎತ್ತಲಿಲ್ಲ."

ಇನ್ಸ್‌ಪೆಕ್ಟರ್ ತಲೆಯಾಡಿಸಿ ಟೋಪಿ ಸರಿಮಾಡಿಕೊಂಡ. ಅವಳ ಹುಡುಗಿ ಉಳಿದಳೆಂದು ಅವನ ಮುಖದಲ್ಲೂ ಸಂತೋಷವಿತ್ತು. ಅದನ್ನು ನೋಡಲಾರದೆ ಅವಳು ಗೋಡೆಯ ಕಡೆ ತಿರುಗಿದಳು.

ಅವರು ಒಳಗೆ ಹೋಗುವಾಗ ಚಪ್ಪಾಳೆ ಕೇಳಿಸಿತು. ಡಾಕ್ಟರು ಸೋಲೊಪ್ಪಿ ಕೈ ಕೊಟ್ಟಾಗಿತ್ತು. ಚೂಟಿ ಪಟ್ಟ ಗೆದ್ದಿದ್ದಳು. ಮಫ್ಲರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿತ್ತು.

ಇನ್ಸ್‌ಪೆಕ್ಟರ್ ಮೇಜಿನ ಬಳಿ ನಿಂತು ದನಿ ತಗ್ಗಿಸಿ ಹೇಳಿದ. "ಡಾಕ್ಟ್ರೇ, ಮೇಷ್ಟ್ರ ವಿಷಯ. ಠಾಣೆವರೆಗೂ ಬರ್ಬೇಕು."

ಚಪ್ಪಾಳೆ ನಿಂತಿತು. ಡಾಕ್ಟರು ಅವನನ್ನು ನೋಡಿದರು, ಆಮೇಲೆ ಮಣೆಯ ಮೇಲೆ ಕೆಡವಿದ್ದ ತಮ್ಮ ರಾಜನನ್ನು ನೋಡಿದರು. ಅವರು ಗಾಬರಿಯಾಗಲಿಲ್ಲ. ಸೋತ ಸಂಕಟದಲ್ಲಿ ಅದಕ್ಕೆ ಜಾಗವೇ ಇರಲಿಲ್ಲವೋ ಏನೋ.

"ಬರ್ತೀನಿ," ಎಂದರು. "ಅದಕ್ಕೆ ಮುಂಚೆ ಈ ಮಗೂನ ಒಂದು ಮಾತು ಕೇಳ್ಬೇಕು."

ಅವರು ಚೂಟಿಯ ಕಡೆ ತಿರುಗಿದರು. ದನಿಯಲ್ಲಿ ಕೋಪವಿರಲಿಲ್ಲ.

"ಮೊನ್ನೆ ಸಂಜೆ ನಾನು ಬೀದೀಲಿದ್ದಾಗ ಅವನ ಫೋನ್ ಬಂತು. ನಗ್ತಿದ್ದ. ನಿನ್ನ ಆಟಕ್ಕೆ ಮದ್ದು ಸಿಕ್ತು ಕಣಯ್ಯಾ, ಆನೇನೇ ಕೊಟ್ಬಿಡ್ತೀನಿ, ಈಗ ತಾನೇ ಹೊಳೀತು, ಇನ್ನೂ ಒಬ್ಬರಿಗೂ ತೋರ್ಸಿಲ್ಲ ಅಂದ. ನಾನು ನಂಬಲಿಲ್ಲ. ತಮಾಷೆ ಮಾಡ್ತಾನೆ ಅಂದ್ಕೊಂಡೆ. ಆಮೇಲೆ ಸ್ವಲ್ಪ ಹೊತ್ತಿಗೇ ಅವನಿಗೆ ಹೀಗಾಯ್ತು ಅಂತ ಗೊತ್ತಾಯ್ತು." ಅವರು ಬಿಳಿ ಆನೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇದು ಅವನ ನಡೆ. ನಿಂಗೆ ಯಾವಾಗ ತೋರ್ಸಿದ, ಮಗು?"

ಚೂಟಿಯ ಕಣ್ಣು ಡಾಕ್ಟರನ್ನೂ ಇನ್ಸ್‌ಪೆಕ್ಟರನ್ನೂ ಬಿಟ್ಟು, ಜನರನ್ನು ದಾಟಿ, ಹಗ್ಗದ ಈಚೆಗೆ ಬಂದು ನಿಂತಿತು.

ಆ ನೋಟದ ಜಾಡು ಹಿಡಿದು ಇನ್ಸ್‌ಪೆಕ್ಟರ್ ಕೂಡ ತಿರುಗಿದ. ಅವನು ಚೆಸ್ ಅರಿಯದವನು ನಿಜ. ಆದರೆ ಅವನನ್ನು ಪಳಗಿಸಿದವಳು ದೊಡ್ಡಮ್ಮ. ಅವನು ಒಂದೊಂದೇ ಹೆಜ್ಜೆ ಇಟ್ಟು ಅವಳ ಎದುರಿಗೆ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೇಡಂ," ಎಂದ, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ನಾನು ಇನ್ನೊಂದ್ಸಲ ಕೇಳ್ತೀನಿ. ನೀವು ಇನ್ನೊಂದ್ಸಲ ಹೇಳಿ."